ನೆಬಿಸಾಳಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ

ಕರೆದರೆ ಓಗೊಡದ ಮಕ್ಕಳು ಯಾರ ಮನೆಯಲ್ಲಿಲ್ಲ ಹೇಳಿ. ಅಂಗಡಿಯಿಂದ ಎರಡು ಸಾಮಾನು ತಾ ಎಂದರೆ ಒಂದು ತರುತ್ತವೆ. ಪಾಠ ಕೇಳಿದರೆ ಕಣ್ಣು ಪಿಳಿಪಿಳಿ ಬಿಡುತ್ತವೆ. ಆಗ ನಾವೇನು ಮಾಡುತ್ತೇವೆ? ಬೈಯುತ್ತೇವೆ. ಕಾಪುವಿನ ಆಸಿಯಮ್ಮನೂ ಅದನ್ನೇ ಮಾಡಿದರು. ಬೈಯುವುದರಲ್ಲಿ ಅವರನ್ನು ಮೀರಿಸುವವರು ಆ ಕೇರಿಯಲ್ಲಿ ಇರಲಿಲ್ಲ ಎಂಬುದು ಬೇರೆ ಮಾತು.

ಇದು ಎಂಬತ್ತಾರನೇ ಇಸವಿಯಲ್ಲಿ ನಡೆದದ್ದು. ಕಾಪು ದೀಪಸ್ತಂಭಕ್ಕೆ ಹೋಗುವ ದಾರಿಯಲ್ಲಿ ಆಸಿಯಮ್ಮನ ಹಂಚಿನ ಮನೆ. ಮನೆಯಲ್ಲಿ ಮೂರೇ ಜನ: ಆಸಿಯಮ್ಮ, ಸೊಸೆ ಆಯಿಶಮ್ಮ, ನಾಲ್ಕನೇ ಕ್ಲಾಸಿನಲ್ಲಿ ಓದುವ ಒಂಬತ್ತು ವರ್ಷದ ಮೊಮ್ಮಗಳು ನೆಬಿಸಾ. ಮಗ ಕುಂಞಾಲಿ ಸೌದಿಯ ದಮ್ಮಾಮಿನ ಒಂದು ಬೇಕರಿಯಲ್ಲಿ ಕೆಲಸಕ್ಕಿದ್ದ. ಎರಡು ವರ್ಷಕ್ಕೊಮ್ಮೆ ರಜೆ ಸಿಕ್ಕರೆ ಬರುತ್ತಿದ್ದ, ಇಲ್ಲದಿದ್ದರೆ ಅವನ ಸ್ವರ ಮಾತ್ರ ಬರುತ್ತಿತ್ತು.

ಸ್ವರ ಎಂದರೆ ಕ್ಯಾಸೆಟ್ಟು. ಆಸಿಯಮ್ಮನಿಗೆ ಓದಲು ಬರುವುದಿಲ್ಲ. ಕಾಗದ ಬರೆದರೆ ಓದಿಸಲು ಇನ್ನೊಬ್ಬರ ಮನೆಗೆ ಹೋಗಬೇಕು, ಮನೆಯ ಗುಟ್ಟೆಲ್ಲ ಊರಿಗೆ ಗೊತ್ತಾಗಬೇಕು. ಅದಕ್ಕೆ ಕುಂಞಾಲಿ ಹೇಳಬೇಕಾದ್ದನ್ನೆಲ್ಲ ಟೇಪಿನಲ್ಲಿ ಮಾತಾಡಿ, ರಜೆಗೆ ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದ. ಆದರೆ ಗುಟ್ಟು ಉಳಿಯಿತಾ? ಎಲ್ಲಿಯ ಗುಟ್ಟು. ಕ್ಯಾಸೆಟ್ಟು ಬಂದ ದಿನ ಸಂಜೆ ನೆರೆಕರೆಯ ಏಳೆಂಟು ಹೆಂಗಸರು ಬೀಡಿ ಕಟ್ಟುವ ಮೊರ ಹಿಡಿದುಕೊಂಡೇ ಆಸಿಯಮ್ಮನ ಚಾವಡಿಗೆ ಬರುತ್ತಿದ್ದರು. ನಡುವೆ ಸ್ಟೂಲಿನ ಮೇಲೆ ಟೇಪ್‌ರೆಕಾರ್ಡರ್. ಒಬ್ಬಳು ನಗುವುದು, ಒಬ್ಬಳು ಕಣ್ಣೊರೆಸಿಕೊಳ್ಳುವುದು, ಇನ್ನೊಬ್ಬಳು ತನ್ನ ಗಂಡನ ಸುದ್ದಿ ಏನಾದರೂ ಹೇಳಿದನಾ ಎಂದು ನಡುವೆ ಬಾಯಿ ಹಾಕುವುದು. ಕ್ಯಾಸೆಟ್ಟಿನ ಒಳಗೂ ಅದೇ ಗದ್ದಲ. ಕುಂಞಾಲಿಯ ಕೋಣೆಯಲ್ಲಿ ಎಂಟು ಜನ, ಗೊರಗೊರ ಎನ್ನುವ ದೊಡ್ಡ ಫ್ಯಾನು, ಯಾರೋ ಪಾತ್ರೆ ತೊಳೆಯುವ ಸದ್ದು. ಆದರೂ ಎಲ್ಲರಿಗೂ ಅವನ ಮಾತು ತಿಳಿಯುತ್ತಿತ್ತು. ನೆಬಿಸಾಳೊಬ್ಬಳು ಟೇಪಿನ ಹತ್ತಿರ ಕೂತು ಹುಬ್ಬು ಗಂಟಿಕ್ಕಿಕೊಂಡು ಅದನ್ನೇ ನೋಡುತ್ತಿದ್ದಳು.

ಕುಂಞಾಲಿ ಮಗಳಿಗೆಂದು ಕೊನೆಯಲ್ಲಿ ಒಂದೆರಡು ಮಾತು ಇಡುತ್ತಿದ್ದ. ಬೆಕ್ಕು ಮರಿ ಹಾಕಿತಾ, ಟೀಚರ್ ಯಾವ ಪಾಠ ಮಾಡುತ್ತಿದ್ದಾರೆ, ನಿನಗೆ ಯಾವ ಬಣ್ಣದ ಚೀಲ ತರಲಿ. ಶುಕ್ರವಾರ ಮಧ್ಯಾಹ್ನ ಮನೆಯವರು ಉತ್ತರದ ಕ್ಯಾಸೆಟ್ಟು ಮಾಡುವಾಗ ಒಬ್ಬೊಬ್ಬರಾಗಿ ಮಾತಾಡುತ್ತಿದ್ದರು. ನೆಬಿಸಾಳ ಸರದಿ ಬಂದಾಗ ಅವಳು ಹೇಳುತ್ತಿದ್ದದ್ದು ಒಂದೇ: "ಬಾಪಾ, ನಾನು ಚೆನ್ನಾಗಿದ್ದೇನೆ. ನೀವು ಚೆನ್ನಾಗಿರಿ." ಬೆಕ್ಕಿನ ಸುದ್ದಿಯೂ ಇಲ್ಲ, ಚೀಲದ ಸುದ್ದಿಯೂ ಇಲ್ಲ. ಒಂದಲ್ಲ, ಎರಡಲ್ಲ, ನಾಲ್ಕು ಕ್ಯಾಸೆಟ್ಟು ಹೀಗೆಯೇ ಹೋಯಿತು.

ಐದನೆಯದರಲ್ಲಿ ಕುಂಞಾಲಿಯ ಸ್ವರ ಸಣ್ಣದಾಗಿತ್ತು. "ಉಮ್ಮಾ, ನೆಬಿಸಾ ನನ್ನ ಒಂದು ಮಾತಿಗೂ ಉತ್ತರ ಕೊಡುವುದಿಲ್ಲ. ನಾನು ಅವಳಿಗೆ ಬೇಡವಾದೆನಾ?"

ಆ ಮಾತು ಆಸಿಯಮ್ಮನ ಎದೆಗೆ ಚುಚ್ಚಿತು. ದೂರದಲ್ಲಿ ಬೆಂಕಿಯ ಮುಂದೆ ನಿಂತು ದುಡಿಯುವ ಮಗ, ಇಲ್ಲಿ ಅವನ ಅನ್ನ ತಿಂದು ಅವನಿಗೇ ಉತ್ತರ ಕೊಡದ ಹುಡುಗಿ. ಅಂದು ಅವರು ಮೊಮ್ಮಗಳಿಗೆ ಬೈದ ಬೈಗುಳ ದೀಪಸ್ತಂಭದವರೆಗೂ ಕೇಳಿಸಿರಬೇಕು. ನೆಬಿಸಾ ಗೋಡೆಗೆ ಮುಖ ಮಾಡಿ ಕೂತು ಅತ್ತಳು. ಅದೂ ಆಸಿಯಮ್ಮನಿಗೆ ಹಟದ ಹಾಗೆಯೇ ಕಂಡಿತು.

ಶಾಲೆಯಲ್ಲೂ ಅದೇ ಕಥೆ. ಮಾರ್ಕ್ಸ್ ಕಾರ್ಡಿನಲ್ಲಿ ನಾಲ್ಕು ಕಡೆ ಕೆಂಪು ಗೆರೆ. ಇದೆಲ್ಲ ಹಟವೇ ಎಂದು ಆಸಿಯಮ್ಮ ಸುಮ್ಮನೆ ಹೇಳಿದ್ದಲ್ಲ, ಅವರ ಹತ್ತಿರ ಸಾಕ್ಷಿ ಉಂಟು. ಹಿಂದಿನ ವರ್ಷ ಶಾಲೆಗೆ ಬಂದಿದ್ದ ಡಾಕ್ಟರೊಬ್ಬರು ನೆಬಿಸಾಳ ಎರಡೂ ಕಿವಿಯ ಹತ್ತಿರ ವಾಚು ಹಿಡಿದು, ಟಿಕ್ ಟಿಕ್ ಕೇಳಿತೆಂದಾಗ ಕಿವಿ ಸರಿ ಉಂಟು ಎಂದಿದ್ದರು. ಇನ್ನು ಮದ್ರಸಾ. ಅಲ್ಲಿ ಉಸ್ತಾದರು ಒಬ್ಬೊಬ್ಬರನ್ನೇ ಎದುರು ಕೂರಿಸಿಕೊಂಡು ಹೇಳಿಸುತ್ತಾರೆ. ಅಲ್ಲಿ ನೆಬಿಸಾಳೇ ಮುಂದೆ. ಹಾಗಾಗಿ ಆಸಿಯಮ್ಮನ ಲೆಕ್ಕ ಸರಳವಾಗಿತ್ತು. ಕಿವಿ ಉಂಟು, ತಲೆ ಉಂಟು, ಇಲ್ಲದಿರುವುದು ಮನಸ್ಸು. ಬರುವ ಮಾರ್ಚ್‌ನಲ್ಲಿ ನಾಲ್ಕನೇ ಕ್ಲಾಸು ಮುಗಿದ ಮೇಲೆ ಶಾಲೆ ಬಿಡಿಸಿ ಬೀಡಿ ಕಟ್ಟಲು ಕೂರಿಸುವುದೆಂದು ಅವರು ತೀರ್ಮಾನ ಮಾಡಿಬಿಟ್ಟರು. ಆಯಿಶಮ್ಮನಿಗೆ ಅದು ಇಷ್ಟವಿರಲಿಲ್ಲ. ಆದರೆ ಅತ್ತೆಯ ಎದುರು ಮಾತಾಡುವ ಧೈರ್ಯ ಅವಳಿಗೆಲ್ಲಿ ಬರಬೇಕು?

ಹೀಗಿರುವಾಗ ಆಗಸ್ಟ್ ತಿಂಗಳ ಒಂದು ದಿನ ಆರೋಗ್ಯ ಕೇಂದ್ರದ ನರ್ಸ್ ವೆರೊನಿಕಾ ಕೊಡೆ ಮಡಚುತ್ತಾ ಅಂಗಳಕ್ಕೆ ಬಂದರು. ಶಿರ್ವದವರು. ಊರಿಗೆಲ್ಲ ವೆರೊನಿಕಾ ಸಿಸ್ಟರ್. ನೆಬಿಸಾ ಹುಟ್ಟುವಾಗ ಆಯಿಶಮ್ಮನ ಕೈ ಹಿಡಿದುಕೊಂಡು ಕೂತಿದ್ದವರು. ಬ್ಯಾಗಿನಿಂದ ಚೀಟಿಯೊಂದನ್ನು ತೆಗೆದು, ಬರುವ ಬುಧವಾರ ಮಣಿಪಾಲದ ಆಸ್ಪತ್ರೆಯಿಂದ ಶಾಲೆಗೆ ಜನ ಬರುತ್ತಾರೆ, ಮೂರು ಮತ್ತು ನಾಲ್ಕನೇ ಕ್ಲಾಸಿನ ಮಕ್ಕಳು ಮಾತನ್ನು ಹೇಗೆ ಕೇಳಿ ತಿಳಿದುಕೊಳ್ಳುತ್ತಾರೆ ಎಂದು ಪರೀಕ್ಷೆ ಮಾಡುತ್ತಾರೆ, ಮನೆಯವರು ಒಪ್ಪಿಗೆ ಕೊಡಬೇಕು ಎಂದರು. ನೆಬಿಸಾಳನ್ನು ತಪ್ಪದೆ ತೋರಿಸಬೇಕೆಂದು ಅವಳ ಕ್ಲಾಸಿನ ಸುಭಾಷಿಣಿ ಟೀಚರೇ ಹೇಳಿ ಕಳಿಸಿದ್ದರು.

"ಅವಳ ಕಿವಿ ನೋಡಿ ಆಗಿದೆ ಸಿಸ್ಟರ್," ಎಂದರು ಆಸಿಯಮ್ಮ. "ವಾಚಿನ ಟಿಕ್ ಟಿಕ್ ಎರಡೂ ಕಿವಿಗೆ ಕೇಳ್ತದೆ. ಇನ್ನೆಂತ ಉಂಟು ನೋಡ್ಲಿಕ್ಕೆ?"

"ಟಿಕ್ ಟಿಕ್ ಕೇಳುವುದು ಬೇರೆ ಆಸಿಯಮ್ಮ, ಗಲಾಟೆಯ ನಡುವೆ ಮಾತು ಹಿಡಿಯುವುದು ಬೇರೆ. ಕಿವಿ ಎಲ್ಲ ಸದ್ದನ್ನೂ ಒಳಗೆ ತಂದು ಹಾಕ್ತದೆ. ಅದರಲ್ಲಿ ಬೇಕಾದ್ದು ಯಾವುದು, ಬೇಡದ್ದು ಯಾವುದು ಅಂತ ಹೆಕ್ಕುವುದು ಮಿದುಳು. ನೀವು ಮೊರದಲ್ಲಿ ಅಕ್ಕಿ ಹಾಕಿ ಕಲ್ಲು ಹೆಕ್ಕುವುದಿಲ್ವಾ, ಹಾಗೆ. ಕೆಲವು ಮಕ್ಕಳಿಗೆ ಆ ಹೆಕ್ಕುವ ಕೆಲಸ ಕಷ್ಟ. ಅಕ್ಕಿ ಕಲ್ಲು ಎರಡೂ ಒಟ್ಟಿಗೇ ಬಾಯಿಗೆ ಬರ್ತದೆ."

ಆಸಿಯಮ್ಮ ಒಪ್ಪಲಿಲ್ಲ. ಅವರಿಗೆ ಒಳಗೊಳಗೆ ಬೇರೆಯೇ ಹೆದರಿಕೆ ಇತ್ತು. ಕೊನೆಗೆ ಸ್ವರ ತಗ್ಗಿಸಿ ಅದನ್ನೂ ಹೇಳಿದರು. "ಮಿದುಳು ಅಂತೀರಿ. ತಲೆ ಸರಿ ಇಲ್ಲ ಅಂತ ಅವರು ಬರೆದುಕೊಟ್ಟರೆ? ಹೆಣ್ಣುಮಗು ಸಿಸ್ಟರ್. ನಾಳೆ ಈ ಮನೆಗೆ ಸಂಬಂಧ ಕೇಳಿಕೊಂಡು ಯಾರು ಬರ್ತಾರೆ?"

ವೆರೊನಿಕಾ ನಗಲಿಲ್ಲ. ಇದು ಬುದ್ಧಿಯ ಪರೀಕ್ಷೆಯೇ ಅಲ್ಲ, ಒಳ್ಳೆಯ ಬುದ್ಧಿಯ ಮಕ್ಕಳಿಗೂ ಹೀಗೆ ಇರುತ್ತದೆ, ಯಾರೂ ಹಣೆಪಟ್ಟಿ ಹಚ್ಚುವುದಿಲ್ಲ ಎಂದು ವಿವರಿಸಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು. ಸುತ್ತ ಯಾರೂ ಇಲ್ಲದೆ, ಒಬ್ಬರೇ ಅವಳೊಟ್ಟಿಗೆ ಮಾತಾಡುವಾಗಲೂ ಅವಳು ಹೀಗೆಯೇ ಇರುತ್ತಾಳಾ?

ಉತ್ತರ ಬಂದದ್ದು ಬಾಗಿಲ ಹಿಂದಿನಿಂದ. "ಇಲ್ಲ ಸಿಸ್ಟರ್," ಎಂದಳು ಆಯಿಶಮ್ಮ. "ನಾವಿಬ್ಬರೇ ಬಾವಿಕಟ್ಟೆಯಲ್ಲಿ ಇರುವಾಗ ಅವಳ ಬಾಯಿಗೆ ಬಿಡುವೇ ಇಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಡ್ತಾಳೆ. ರೇಡಿಯೋ ಇಟ್ಟರೆ, ಹೆಂಗಸರು ಬಂದು ಕೂತರೆ, ಆಮೇಲೆ ಆಗುವುದಿಲ್ಲ."

ಸೊಸೆ ಇಷ್ಟು ದಿನ ಇದನ್ನು ತನಗೆ ಹೇಳಲಿಲ್ಲವಲ್ಲ ಎಂದು ಆಸಿಯಮ್ಮನಿಗೆ ಸಿಟ್ಟು ಬಂತು. ಹೇಳಿದ್ದರೆ ತಾನು ಕೇಳುತ್ತಿದ್ದೆನಾ ಎಂದು ಮಾತ್ರ ಅವರು ಯೋಚಿಸಲಿಲ್ಲ. "ಆಯ್ತು, ಬುಧವಾರ ನಾನೇ ಬರ್ತೇನೆ. ನಿಮ್ಮ ಮೆಷಿನ್ ಸುಳ್ಳು ಅಂತ ತೋರಿಸ್ಲಿಕ್ಕೆ," ಎಂದು ಚೀಟಿಗೆ ಹೆಬ್ಬೆಟ್ಟು ಒತ್ತಿದರು.

ಬುಧವಾರ ಸೊಸೆಯೊಂದಿಗೆ ಹೋಗಿ ಆ ಶಾಲೆಯನ್ನು ಆಸಿಯಮ್ಮ ಮೊದಲ ಸಲ ಒಳಗಿನಿಂದ ನೋಡಿದರು. ಒಂದೇ ಉದ್ದದ ಹಾಲು. ಅದರಲ್ಲಿ ನಾಲ್ಕು ಕ್ಲಾಸು, ನಡುವೆ ಬಿದಿರಿನ ತಟ್ಟಿ. ಇಲ್ಲಿ ಮಗ್ಗಿ, ಅಲ್ಲಿ ಪದ್ಯ, ಹೊರಗೆ ಹೆದ್ದಾರಿಯಲ್ಲಿ ಬಸ್ಸುಗಳ ಹಾರ್ನು, ಹಂಚಿನ ಮೇಲೆ ಮಳೆ. ನೆಬಿಸಾ ಕೂರುತ್ತಿದ್ದದ್ದು ಕಿಟಕಿಯ ಪಕ್ಕ, ಕೊನೆಯ ಬೆಂಚಿನಲ್ಲಿ.

ಪರೀಕ್ಷೆ ಹೆಡ್‌ಮಾಸ್ಟರರ ಕೋಣೆಯಲ್ಲಿ. ಬಾಗಿಲು ಹಾಕಿ, ಕಿಟಕಿಗಳಿಗೆ ದಪ್ಪ ಕಂಬಳಿ ಇಳಿಬಿಟ್ಟಿದ್ದರು. ಮಣಿಪಾಲದಿಂದ ಬಂದಿದ್ದ ತಾರಾನಾಥ ಎಂಬ ತರುಣ ಮೊದಲು ದೀಪದ ಬೆಳಕಿನಲ್ಲಿ ನೆಬಿಸಾಳ ಕಿವಿ ನೋಡಿದರು. ಕೀವು ಇಲ್ಲ, ಗುಗ್ಗೆ ಕಟ್ಟಿಲ್ಲ. ಆಮೇಲೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಕೈ ಎತ್ತಲು ಹೇಳಿದರು. ಎಷ್ಟು ಸಣ್ಣ ಸದ್ದಿಗೂ ಹುಡುಗಿ ಕೈ ಎತ್ತಿದಳು. ಕ್ಯಾಸೆಟ್ಟಿನಿಂದ ಒಂದೊಂದೇ ಶಬ್ದ ಬಂದಾಗ ತಪ್ಪಿಲ್ಲದೆ ತಿರುಗಿ ಹೇಳಿದಳು. ನಾನು ಹೇಳಿರಲಿಲ್ಲವಾ ಎನ್ನುವ ಹಾಗೆ ಆಸಿಯಮ್ಮ ವೆರೊನಿಕಾರ ಕಡೆ ನೋಡಿದರು.

ಆಮೇಲಿನದು ಬೇರೆ. ಬಲಗಿವಿಗೆ ಒಂದು ಅಂಕಿ, ಅದೇ ಹೊತ್ತಿಗೆ ಎಡಗಿವಿಗೆ ಇನ್ನೊಂದು. ಎರಡನ್ನೂ ಹೇಳಬೇಕು. ನೆಬಿಸಾ ಹೆಚ್ಚಿನ ಸಲ ಒಂದನ್ನೇ ಹೇಳಿದಳು. ಕೊನೆಗೆ ಶಬ್ದಗಳ ಹಿಂದೆ ಜನ ಮಾತಾಡುವ ಗುಜುಗುಜು ಸೇರಿಸಿದರು. ಅವಳ ಕ್ಲಾಸಿನ ಬೇರೆ ಮಕ್ಕಳು ಇಪ್ಪತ್ತರಲ್ಲಿ ಹದಿನಾರು, ಹದಿನೇಳು ಹೇಳಿದ್ದರು. ನೆಬಿಸಾಳಿಗೆ ಸಿಕ್ಕಿದ್ದು ಏಳು.

ಆಸಿಯಮ್ಮ ಬಿಡುತ್ತಾರಾ? "ನಿಮ್ಮ ಕ್ಯಾಸೆಟ್ಟಿನದ್ದು ಪುಸ್ತಕದ ಕನ್ನಡ. ನಮ್ಮ ಮನೆಯಲ್ಲಿ ಬ್ಯಾರಿ ಮಾತು. ನಮ್ಮ ಭಾಷೆಯಲ್ಲಿ ಕೇಳಿ ನೋಡಿ, ಆಮೇಲೆ ಹೇಳಿ."

ತಾರಾನಾಥರಿಗೆ ಸಿಟ್ಟು ಬರಲಿಲ್ಲ, ಬದಲಿಗೆ ಖುಷಿಯಾಯಿತು. ನೀವು ಕೇಳಿದ್ದು ಸರಿ, ಭಾಷೆ ಗೊತ್ತಿಲ್ಲದೆ ತಪ್ಪುವುದೂ ಉಂಟು, ಅದನ್ನು ನೋಡಲೇಬೇಕು ಎಂದರು. ಬ್ಯಾರಿ ಭಾಷೆಯ ಕ್ಯಾಸೆಟ್ಟು ತಮ್ಮಲ್ಲಿಲ್ಲ, ನೀವೇ ಹತ್ತು ಶಬ್ದ ಹೇಳುತ್ತೀರಾ ಎಂದು ಕೇಳಿ ಮೈಕು ಮುಂದಿಟ್ಟರು. ಮೈಕಿನ ಮುಂದೆ ಕೂರುವುದು ಆಸಿಯಮ್ಮನಿಗೆ ಹೊಸತೇ? ಸೆರಗು ಸರಿಮಾಡಿಕೊಂಡು, ಮಗನಿಗೆ ಮಾತಾಡುವ ಹಾಗೆಯೇ ಬಿಡಿಸಿ ಬಿಡಿಸಿ ಹೇಳಿದರು. ಅನ್ನ, ಮೀನು, ಬಾವಿ, ಬಾಗಿಲು, ಎಲ್ಲ ಮನೆಯ ಮಾತುಗಳೇ.

ಮೊದಲು ಗಲಾಟೆ ಇಲ್ಲದೆ ಕೇಳಿಸಿದರು. ಅಜ್ಜಿಯ ಸ್ವರ ಕಿವಿಗೆ ಬಿದ್ದದ್ದೇ ನೆಬಿಸಾಳ ಮುಖ ಅರಳಿತು. ಹತ್ತಕ್ಕೆ ಹತ್ತು. ಆಮೇಲೆ ಸಾಲು ಬದಲಿಸಿ ಅವೇ ಶಬ್ದಗಳನ್ನು ಆಸಿಯಮ್ಮನಿಂದ ಹೇಳಿಸಿ, ಗುಜುಗುಜು ಸೇರಿಸಿ ಕೇಳಿಸಿದರು. ನಾಲ್ಕು. ಆಯಿಶಮ್ಮನಿಗೂ ಅದನ್ನೇ ಹಾಗೆಯೇ ಕೇಳಿಸಿದರು. ಅವಳು ಹತ್ತೂ ಹೇಳಿದಳು.

ಆಸಿಯಮ್ಮ ಲೆಕ್ಕದ ಕಡೆ ನೋಡುತ್ತಿರಲಿಲ್ಲ. ಅವರು ನೋಡುತ್ತಿದ್ದದ್ದು ಮೊಮ್ಮಗಳ ಮುಖವನ್ನು. ಎರಡೂ ಕೈಯಲ್ಲಿ ಹೆಡ್‌ಫೋನ್ ಒತ್ತಿ ಹಿಡಿದು, ಹುಬ್ಬು ಗಂಟಿಕ್ಕಿ, ಉಸಿರು ಬಿಗಿಹಿಡಿದು ಕೂತಿದ್ದಳು ಹುಡುಗಿ. ಈ ಮುಖ ಅವರಿಗೆ ಗೊತ್ತು. ಪ್ರತಿ ಸಲ ಕ್ಯಾಸೆಟ್ಟು ಬಂದ ದಿನ ಸ್ಟೂಲಿನ ಪಕ್ಕದಲ್ಲಿ ಕಂಡ ಮುಖ ಇದೇ. ಇದನ್ನೇ ಅವರು ಹಟ ಎಂದುಕೊಂಡಿದ್ದರು. ಹುಟ್ಟಿದಾಗಿನಿಂದ ಕೇಳಿದ ಅಜ್ಜಿಯ ಸ್ವರವೇ ಗದ್ದಲದಲ್ಲಿ ಸಿಗದವಳಿಗೆ, ಕಡಲಾಚೆಯ ಬಾಪನ ಸ್ವರ ಆ ಚಾವಡಿಯಲ್ಲಿ ಹೇಗೆ ಸಿಗಬೇಕು? ಎಷ್ಟು ಬೈದಿದ್ದೆ, ದೇವರೇ ಎಂದು ಆಸಿಯಮ್ಮ ಅಲ್ಲಿಯೇ ಕಣ್ಣು ತುಂಬಿಕೊಂಡರು.

ಇದು ನಿಮಗೆ ತಿಳಿಯಲೆಂದು ಮಾಡಿದ್ದು, ಸರಿಯಾದ ಪರೀಕ್ಷೆ ಮಣಿಪಾಲದಲ್ಲಿ ಆಗಬೇಕು ಎಂದರು ತಾರಾನಾಥ. ಮುಂದಿನ ವಾರವೇ ಮನೆಯ ಮೂವರೂ ಉಡುಪಿಗೆ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಗುಡ್ಡ ಏರಿದರು. ಅಲ್ಲಿ ಎರಡು ಗಂಟೆ ಪರೀಕ್ಷೆ ಮಾಡಿದ ಮೇಲೆ ಹೇಳಿದರು: ಕಿವಿ ಸರಿ ಇದೆ, ಬುದ್ಧಿ ಚುರುಕಾಗಿದೆ, ಗದ್ದಲದಲ್ಲಿ ಮಾತನ್ನು ಬೇರೆ ಮಾಡಿ ತಿಳಿಯುವುದು ಮಾತ್ರ ಇವಳಿಗೆ ಕಷ್ಟ.

"ಇದಕ್ಕೆ ಮದ್ದು?" ಎಂದು ಆಸಿಯಮ್ಮ ಕೇಳಿದರು.

"ಮಾತ್ರೆ ಇಲ್ಲ, ಆಪರೇಷನ್ ಇಲ್ಲ. ಕಿವಿಗೆ ಎಣ್ಣೆ ಬಿಡಲೇಬೇಡಿ," ಎಂದರು ತಾರಾನಾಥ. "ನೀವು ಮಾತಾಡುವ ರೀತಿಯೇ ದೊಡ್ಡ ಮದ್ದು. ಹತ್ತಿರ ಹೋಗಿ, ಅವಳ ಎದುರು ನಿಂತು, ಒಂದು ಸಲಕ್ಕೆ ಒಂದೇ ಮಾತು ಹೇಳಿ. ಅದನ್ನು ಅವಳ ಬಾಯಿಂದ ತಿರುಗಿ ಹೇಳಿಸಿ. ದೂರದಿಂದ ಕೂಗಬೇಡಿ."

ಕೂಗದೆ ಮಾತಾಡುವುದು! ಆಸಿಯಮ್ಮನಿಗೆ ಇದಕ್ಕಿಂತ ಆಪರೇಷನ್ನೇ ಸುಲಭವಿತ್ತು. ಆದರೂ ಕಲಿತರು. ಶಾಲೆಯಲ್ಲಿ ಸುಭಾಷಿಣಿ ಟೀಚರ್ ನೆಬಿಸಾಳನ್ನು ಕಿಟಕಿಯಿಂದಲೂ ತಟ್ಟಿಯಿಂದಲೂ ದೂರ, ಮುಂದಿನ ಬೆಂಚಿಗೆ ತಂದರು. ಮುಖ್ಯ ಮಾತುಗಳನ್ನು ಬೋರ್ಡಿನ ಮೇಲೆ ಬರೆಯತೊಡಗಿದರು. ಬೋರ್ಡಿಗೆ ಮುಖ ಮಾಡಿಕೊಂಡು ಪಾಠ ಹೇಳುವ ತಮ್ಮ ಹಳೆಯ ಅಭ್ಯಾಸವನ್ನೂ ಬಿಟ್ಟರು. ನಾಲ್ಕನೇ ಕ್ಲಾಸಿಗೆ ಪಾಠ ನಡೆಯುವಾಗ ಎರಡನೇ ಕ್ಲಾಸಿನ ಮಗ್ಗಿ ಮಳೆ ಇಲ್ಲದ ದಿನ ಮಾವಿನ ಮರದಡಿಗೆ ಹೋಯಿತು. ಇದರಿಂದ ನೆಬಿಸಾಳಿಗೆ ಮಾತ್ರವಲ್ಲ, ಬೇರೆ ಮಕ್ಕಳಿಗೂ ಪಾಠ ಚೆನ್ನಾಗಿ ಹತ್ತಿತು. ಮನೆಯಲ್ಲಿ ಮಣಿಪಾಲದವರು ಹೇಳಿಕೊಟ್ಟ ಆಟ. ದಿನಾ ಕಾಲು ಗಂಟೆ ಆಯಿಶಮ್ಮ ಶಬ್ದ ಹೇಳುವುದು, ನೆಬಿಸಾ ತಿರುಗಿ ಹೇಳುವುದು. ಮೊದಲು ರೇಡಿಯೋ ಇಲ್ಲದೆ, ಆಮೇಲೆ ಸಣ್ಣಗೆ ಇಟ್ಟು, ವಾರಗಳು ಕಳೆದ ಹಾಗೆ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ.

ಒಂದೇ ತಿಂಗಳಿಗೆ ಎಲ್ಲ ಸರಿಯಾಯಿತು ಎಂದು ನಾನು ಹೇಳಿದರೆ ಅದು ಸುಳ್ಳು. ಮದುವೆಮನೆಯಲ್ಲಿ, ಬಸ್ಸಿನಲ್ಲಿ ನೆಬಿಸಾ ಆಮೇಲೂ ತಡವರಿಸುತ್ತಿದ್ದಳು. ಆದರೆ ಅರ್ಧ ವಾರ್ಷಿಕ ಪರೀಕ್ಷೆಯಲ್ಲಿ ನಾಲ್ಕು ಕೆಂಪು ಗೆರೆ ಹೋಗಿ ಒಂದು ಉಳಿಯಿತು. ಬೀಡಿಯ ಮೊರದ ಸುದ್ದಿಯನ್ನು ಆಸಿಯಮ್ಮ ಮತ್ತೆ ಎತ್ತಲಿಲ್ಲ. ಯಾರಾದರೂ ಎತ್ತಿದರೆ, ಹುಡುಗಿ ಐದನೇ ಕ್ಲಾಸಿಗೆ ಹೋಗುತ್ತಾಳೆ ಎಂದು ಗದರಿಸಿಬಿಡುತ್ತಿದ್ದರು.

ಬಾಕಿ ಇದ್ದದ್ದು ಕುಂಞಾಲಿಯ ಉತ್ತರ ಬರುವುದೊಂದೇ. ಮಣಿಪಾಲದಿಂದ ಬಂದ ಮರುದಿನವೇ ಆಸಿಯಮ್ಮ ಎಲ್ಲರನ್ನೂ ಹೊರಗೆ ಕಳಿಸಿ, ಒಬ್ಬರೇ ಕೂತು ಕ್ಯಾಸೆಟ್ಟು ಮಾಡಿದ್ದರು. "ಮಗನೇ, ತಪ್ಪು ನಿನ್ನ ಮಗಳದ್ದಲ್ಲ. ನೀನು ಕೇಳಿದ್ದು ಅವಳನ್ನು ಮುಟ್ಟಲೇ ಇಲ್ಲ. ನಿನ್ನ ಕೋಣೆಯ ಫ್ಯಾನು, ನಮ್ಮ ಚಾವಡಿಯ ಗದ್ದಲ, ಅದರ ಮೇಲೆ ನನ್ನ ಬಾಯಿ. ಇನ್ನು ಮುಂದೆ ಸದ್ದಿಲ್ಲದ ಕಡೆ ಕೂತು ಮಾತಾಡು. ನಿಧಾನ ಮಾತಾಡು." ರಜೆ ಮುಗಿಸಿ ಹೊರಟಿದ್ದ ಪಕ್ಕದ ಮನೆಯ ಮೂಸಾನ ಕೈಯಲ್ಲಿ ಅದು ದಮ್ಮಾಮಿಗೆ ಹೋಯಿತು.

ಉತ್ತರ ಬಂದದ್ದು ನವೆಂಬರಿನಲ್ಲಿ. ಸುದ್ದಿ ತಿಳಿದು ಹೆಂಗಸರು ಮೊರ ಹಿಡಿದು ಅಂಗಳಕ್ಕೆ ಬಂದೇ ಬಿಟ್ಟರು. ಆಸಿಯಮ್ಮ ಹೊಸ್ತಿಲಲ್ಲಿ ಅಡ್ಡ ನಿಂತು, ನಾಳೆ ಬನ್ನಿ, ಇವತ್ತು ಇದು ನೆಬಿಸಾಳದ್ದು ಎಂದು ವಾಪಸ್ ಕಳಿಸಿ ಬಾಗಿಲು ಹಾಕಿದರು. ಒಳಗೆ ಮೂವರೇ. ಆಯಿಶಮ್ಮ ಗುಂಡಿ ಒತ್ತಿದಳು.

ಫ್ಯಾನಿನ ಸದ್ದಿಲ್ಲ, ಪಾತ್ರೆಯ ಸದ್ದಿಲ್ಲ. ಬೇಕರಿಯ ಮೈದಾ ಮೂಟೆಗಳ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೇನೆ, ಸೆಕೆಯಲ್ಲಿ ಬೆಂದುಹೋಗುತ್ತಿದ್ದೇನೆ ಎಂದು ಕುಂಞಾಲಿ ನಕ್ಕ. ಆಮೇಲೆ ನಿಧಾನವಾಗಿ, ಎದುರಿಗೆ ಮಗಳು ಕೂತಿದ್ದಾಳೆ ಎನ್ನುವ ಹಾಗೆ ಕೇಳಿದ. "ನೆಬಿಸಾ, ಬೆಕ್ಕು ಮರಿ ಹಾಕಿತಾ?" ಕೇಳಿ ಸುಮ್ಮನಾದ. ಟೇಪು ಖಾಲಿ ತಿರುಗುತ್ತಿತ್ತು.

ಉತ್ತರ ಶುಕ್ರವಾರದ ಕ್ಯಾಸೆಟ್ಟಿನಲ್ಲಿ ಹೇಳುವುದು ಎಂಬುದು ನೆಬಿಸಾಳಿಗೆ ಮರೆತೇ ಹೋಯಿತು. "ಮೂರು ಮರಿ ಬಾಪಾ," ಎಂದಳು ಟೇಪಿಗೆ. "ಒಂದು ಪೂರಾ ಕಪ್ಪು."

"ಯಾವ ಬಣ್ಣದ ಚೀಲ ತರಲಿ?"

"ನೀಲಿ."

"ನಿನಗೆ ನನ್ನ ನೆನಪು ಉಂಟಾ ಮಗಳೇ?"

"ದಿನಾ ಉಂಟು ಬಾಪಾ. ನೀವು ನನ್ನ ಹತ್ತಿರ ಏನೂ ಕೇಳುವುದೇ ಇಲ್ಲ ಅಂತ ನಾನು ಅಂದುಕೊಂಡಿದ್ದೆ."

ಆಯಿಶಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಊರಿನಲ್ಲೇ ದೊಡ್ಡ ಬಾಯಿಯ ಆಸಿಯಮ್ಮ, ಎಲ್ಲಿ ತನ್ನ ಬಿಕ್ಕಳಿಕೆ ಆ ಹುಡುಗಿಯ ಕಿವಿಗೆ ಅಡ್ಡ ಬರುತ್ತದೋ ಎಂದು ಮೆಲ್ಲನೆ ಎದ್ದು ಅಡಿಗೆಮನೆಗೆ ಹೋದರು.

ಇಷ್ಟು ಕೇಳಿದಿರಲ್ಲ, ಇನ್ನು ನಿಮ್ಮ ಮನೆಯ ಮಾತು. ಎದುರು ಕೂತಾಗ ಸರಿಯಾಗಿ ಮಾತಾಡುವ ಮಗು ಗದ್ದಲದಲ್ಲಿ ಕಕ್ಕಾಬಿಕ್ಕಿಯಾಗುತ್ತದಾ? ಏನು, ಏನು ಎಂದು ಪದೇ ಪದೇ ಕೇಳುತ್ತದಾ? ಕ್ಲಾಸಿನಲ್ಲಿ ಪಕ್ಕದವರನ್ನು ನೋಡಿಯೇ ಪುಸ್ತಕ ತೆರೆಯುತ್ತದಾ? ಹಾಗಿದ್ದರೆ ಹಟಮಾರಿ, ದಡ್ಡ, ಸೋಮಾರಿ ಎಂದು ಹೆಸರಿಡುವ ಮೊದಲು ನಿಮ್ಮ ನರ್ಸಮ್ಮನಿಗೆ, ಟೀಚರಿಗೆ ಹೇಳಿ. ಮೊದಲು ಕಿವಿ ತೋರಿಸಿ. ಕಿವಿ ಸರಿ ಉಂಟು ಎಂದರೆ ಅಲ್ಲಿಗೇ ಬಿಡಬೇಡಿ, ಮಾತು ಹೇಗೆ ತಿಳಿಯುತ್ತದೆ ಎಂಬುದನ್ನೂ ಪರೀಕ್ಷೆ ಮಾಡಿಸಿ. ಪರೀಕ್ಷೆಯವರು ಶಾಲೆಗೆ ಬರುವ ದಿನ ಮಗುವನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳಬೇಡಿ. ಅದರ ಕೈ ಹಿಡಿದುಕೊಂಡು ನೀವೂ ಹೋಗಿ.

ಅದಕ್ಕೂ ಮೊದಲು, ಇವತ್ತು ಸಂಜೆಯೇ ರೇಡಿಯೋ ಆರಿಸಿ, ಮಗುವಿನ ಎದುರು ಕೂತು ಒಂದೇ ಒಂದು ಪ್ರಶ್ನೆ ಕೇಳಿ. ಕೇಳಿ, ಸ್ವಲ್ಪ ಹೊತ್ತು ಸುಮ್ಮನಿರಿ.